ಕೊರೊನಾ ಕಾಲದಲ್ಲಿ ತಪ್ಪಿದ ಮಕ್ಕಳ ಲಸಿಕೆ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೇಲೆ ಹಸುಗೂಸುಗಳ ಚುಚ್ಚುಮದ್ದಿನ ದಿನಗಳೂ ತಪ್ಪಿಹೋದವು. ಅಂದಿನಿಂದ ಹೆತ್ತವರು ಲಸಿಕಾ ಕೇಂದ್ರದಲ್ಲಿ, ತಾಯಂದಿರ ಸಭೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಆಗ ಲಸಿಕೆಯೇ ಬೇಡ ಎಂದವರು ಕಡಿಮೆ, “ಇದೊಂದು ಮುಗೀಲಿ, ಆಮೇಲೆ ಹಾಕಿಸೋಣ” ಎಂದವರು ಹೆಚ್ಚು. ಆ “ಆಮೇಲೆ” ಇನ್ನೂ ಬಾರದ ಮಕ್ಕಳು ಈಗಲೂ ಇದ್ದಾರೆ.

## ಮೊದಲು ತಿಳಿದಿರಬೇಕಾದದ್ದು

ಮಾಮೂಲಿ ಲಸಿಕೆ ಅಂದ್ರೆ ಯಾವ್ಯಾವುದು? ಒಂದು ಸಲ ಪೂರ್ತಿ ಹೇಳಿಬಿಡಿ.

ಸರ್ಕಾರಿ ಪಟ್ಟಿಯ ಪ್ರಕಾರ ಮಗು ಹುಟ್ಟಿದ ಕೂಡಲೇ ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ. ಹೆಪಟೈಟಿಸ್ ಬಿ 24 ಗಂಟೆಯೊಳಗೆ ಬೀಳಬೇಕು. ಆಮೇಲೆ 6, 10 ಮತ್ತು 14ನೇ ವಾರ ಪೆಂಟಾವೇಲೆಂಟ್, ಪೋಲಿಯೊ ಹನಿ ಮತ್ತು ರೋಟಾವೈರಸ್ ಹನಿ. ಇವುಗಳ ಜೊತೆಗೆ 6 ಮತ್ತು 14ನೇ ವಾರ ಪೋಲಿಯೊ ಚುಚ್ಚುಮದ್ದು ಹಾಗೂ ನ್ಯುಮೋಕಾಕಲ್ ಲಸಿಕೆ. ಪೆಂಟಾ ಒಂದರಲ್ಲೇ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ತರುವ ಸೋಂಕು) ಎಂಬ ಐದು ರೋಗಗಳ ತಡೆ ಇದೆ.

9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾದ ಮೊದಲ ಡೋಸ್, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೆಯದು (ಇದು 2023ರಲ್ಲಿ ಸೇರಿತು) ಮತ್ತು ವಿಟಮಿನ್ ಎ. ಮಿದುಳು ಜ್ವರದ ಹಾವಳಿಯಿರುವ ಜಿಲ್ಲೆಗಳಲ್ಲಿ ಅದರ ಲಸಿಕೆಯೂ ಇದೇ ಭೇಟಿಯಲ್ಲಿ ಸಿಗುತ್ತದೆ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಡೋಸ್, ಡಿಪಿಟಿ (ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯು) ಬೂಸ್ಟರ್, ಪೋಲಿಯೊ ಬೂಸ್ಟರ್. 5–6 ವರ್ಷಕ್ಕೆ ಡಿಪಿಟಿಯ ಎರಡನೆಯ ಬೂಸ್ಟರ್. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು-ಗಂಟಲಮಾರಿ). ಇಷ್ಟೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ.

ಕೊರೊನಾ ಜೋರಾಗಿದ್ದಾಗ ಆಸ್ಪತ್ರೆಗೆ ಕರ್ಕೊಂಡು ಹೋಗದೆ ಇದ್ದದ್ದು ನಮ್ಮ ತಪ್ಪಾ?

ಹಾಗೆ ಹೇಳುವುದು ಅನ್ಯಾಯ. ಬಸ್ಸಿರಲಿಲ್ಲ, ಆಟೊ ಇರಲಿಲ್ಲ, ಎಷ್ಟೋ ಖಾಸಗಿ ಕ್ಲಿನಿಕ್‌ಗಳು ಮುಚ್ಚಿದ್ದವು. ಆಸ್ಪತ್ರೆಗೆ ಕಾಲಿಟ್ಟರೆ ಪರೀಕ್ಷೆ ಮಾಡುತ್ತಾರೆ, ಪಾಸಿಟಿವ್ ಬಂದರೆ ಇಡೀ ಮನೆಯವರನ್ನು ಕ್ವಾರಂಟೈನ್‌ಗೆ ಒಯ್ಯುತ್ತಾರೆ ಎಂಬ ಭಯ ಹಳ್ಳಿ-ಪೇಟೆ ಎನ್ನದೆ ಹಬ್ಬಿತ್ತು. ಕೈಗೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಲು ಅತ್ತೆ-ಮಾವ ಒಪ್ಪದ ಮನೆಗಳು ಎಷ್ಟೋ. ಇವೆಲ್ಲ ಲಸಿಕೆಯ ಮೇಲಿನ ಅಪನಂಬಿಕೆಯಲ್ಲ, ಆಸ್ಪತ್ರೆಯ ಮೇಲಿನ ಭಯ. ಎರಡನ್ನೂ ಒಂದೇ ಎಂದುಕೊಂಡು ತಾಯಂದಿರನ್ನು ಬೈದ ಕಡೆಗಳಲ್ಲಿ ಅವರು ಮತ್ತೆ ಕೇಂದ್ರದ ಕಡೆ ಬರಲು ಇನ್ನಷ್ಟು ಹಿಂಜರಿದರು. ಹೋದ ದಿನಾಂಕಕ್ಕಾಗಿ ಯಾರೂ ನಿಮ್ಮಿಂದ ಲೆಕ್ಕ ಕೇಳಬೇಕಾಗಿಲ್ಲ. ಉಳಿದ ಡೋಸ್ ಹಾಕಿಸಿದರೆ ಆಯಿತು.

ಸರ್ಕಾರದವರೇ ನಿಲ್ಲಿಸಿದ್ರು ತಾನೆ? ಆಶಾ ಅಕ್ಕನೂ ಬರ್ಲಿಲ್ಲ.

ಅರ್ಧ ನಿಜ. ಹೆರಿಗೆಯಾದ ಆಸ್ಪತ್ರೆಯಲ್ಲೇ ಕೊಡುವ ಜನನದ ಡೋಸ್‌ಗಳನ್ನು ಯಾವ ವಲಯದಲ್ಲೂ ನಿಲ್ಲಿಸಬಾರದು ಎಂದೇ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತ್ತು. ಕಂಟೈನ್‌ಮೆಂಟ್ (ಸೋಂಕಿನಿಂದ ಮುಚ್ಚಿದ ಪ್ರದೇಶ) ಮತ್ತು ಅದರ ಸುತ್ತಲಿನ ಬಫರ್ ವಲಯದಲ್ಲಿ ಅಂಗನವಾಡಿಯಂಥ ಕಡೆ ಶಿಬಿರ ನಡೆಸಬಾರದು, ಆದರೆ ತಾವಾಗಿ ಕೇಂದ್ರಕ್ಕೆ ಬಂದ ಮಗುವನ್ನು ವಾಪಸ್ ಕಳಿಸಬಾರದು ಎಂಬುದು ನಿಯಮ. ವಲಯ ತೆರವಾಗಿ 14 ದಿನ ಕಳೆದ ಮೇಲೆ ಶಿಬಿರ ಮತ್ತೆ ಶುರುಮಾಡಬಹುದಿತ್ತು. ಇದು ಕಾಗದದಲ್ಲಿದ್ದ ಮಾತು. ಊರಿಗೆ ತಲುಪಿದ ಸುದ್ದಿ ಮಾತ್ರ “ಲಸಿಕೆ ಇಲ್ಲ” ಎಂಬ ಎರಡೇ ಪದ.

ಆಶಾ ಕಾರ್ಯಕರ್ತೆಯರನ್ನು ಮನೆಮನೆ ಸಮೀಕ್ಷೆಗೆ, ಹೊರಗಿನಿಂದ ಬಂದವರ ನಿಗಾಕ್ಕೆ ಹಚ್ಚಲಾಗಿತ್ತು. ಮನೆಮನೆ ತಿರುಗುವವರು ರೋಗ ತರುತ್ತಾರೆಂದು ಕೆಲವರು ಬಾಗಿಲನ್ನೇ ತೆರೆಯಲಿಲ್ಲ. 2020ರ ಜುಲೈಯಲ್ಲಿ ಕರ್ನಾಟಕದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಧನಗಳಿಗಾಗಿ ಕೆಲಸ ನಿಲ್ಲಿಸಿ ಹೋರಾಡಿದರು. ಆ ಬೇಡಿಕೆ ನ್ಯಾಯವಾದದ್ದೇ. ಲಸಿಕೆಯ ದಿನ ನೆನಪಿಸುತ್ತಿದ್ದ ಒಬ್ಬಳೇ ಹೆಣ್ಣುಮಗಳಿಗೆ ಹತ್ತು ಕೆಲಸ ಹೊರಿಸಿದರೆ ಯಾವುದು ಬಿಟ್ಟುಹೋಗುತ್ತದೆ ಎಂಬುದು ಆಗ ಕಾಣಿಸಿತು.

ನಿಜಕ್ಕೂ ಎಷ್ಟು ಮಕ್ಕಳಿಗೆ ತಪ್ಪಿತು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಅಂದಾಜಿನಂತೆ ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯು ಲಸಿಕೆಯ ಮೊದಲ ಡೋಸನ್ನೇ ಕಾಣದ ಮಕ್ಕಳು ಭಾರತದಲ್ಲಿ 2019ರಲ್ಲಿ ಸುಮಾರು 14 ಲಕ್ಷ. 2020ರಲ್ಲಿ ಅದು 30 ಲಕ್ಷ ದಾಟಿತು. ಮೂರನೆಯ ಡೋಸ್ ಮುಗಿಸಿದವರ ಪ್ರಮಾಣ ಶೇ 91ರಿಂದ ಶೇ 85ಕ್ಕೆ ಇಳಿಯಿತು. 2022ರ ಹೊತ್ತಿಗೆ ಒಂದೂ ಡೋಸ್ ಕಾಣದವರ ಸಂಖ್ಯೆ 11 ಲಕ್ಷಕ್ಕೆ ಬಂತು, ಅಂದರೆ ಪಿಡುಗಿಗೆ ಮುಂಚಿಗಿಂತಲೂ ಕಡಿಮೆ. ಮನಸ್ಸು ಮುರಿದುಕೊಂಡವರು ಎರಡೇ ವರ್ಷದಲ್ಲಿ ಹೀಗೆ ತಿರುಗಿ ಬರುವುದಿಲ್ಲ. ಹೆಚ್ಚಿನವರು ಮುಂದೂಡಿದ್ದರು ಅಷ್ಟೇ ಎಂದು ನಾವು ನಂಬಲು ಇದೂ ಒಂದು ಕಾರಣ. ಆದರೆ ಆ ವರ್ಷದ ಲೆಕ್ಕ ಆ ವರ್ಷ ಹುಟ್ಟಿದ ಮಕ್ಕಳದ್ದು. 2020ರಲ್ಲಿ ತಪ್ಪಿಸಿಕೊಂಡ ಮಗು ತಾನಾಗಿ ಭರ್ತಿಯಾಗುವುದಿಲ್ಲ, ಅದನ್ನು ಹುಡುಕಿಯೇ ಹಾಕಬೇಕು.

## ಉಳಿದ ಡೋಸ್ ಹಾಕಿಸುವುದು

ಮಧ್ಯೆ ಏಳೆಂಟು ತಿಂಗಳು ಗ್ಯಾಪ್ ಆಯ್ತು. ಮತ್ತೆ ಮೊದಲಿನಿಂದ ಶುರುಮಾಡಬೇಕಾ?

ಬೇಡ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಪೆಂಟಾ ಒಂದು ಡೋಸ್ ಆಗಿ ನಿಂತಿದ್ದರೆ ಈಗ ಎರಡನೆಯದು, ಅದಾಗಿ ಕನಿಷ್ಠ 4 ವಾರಕ್ಕೆ ಮೂರನೆಯದು. ಮೊದಲ ಡೋಸ್ ಕಲಿಸಿದ ಪಾಠವನ್ನು ದೇಹ ಮರೆತಿರುವುದಿಲ್ಲ. ಅಂತರ ಹೆಚ್ಚಾದರೆ ಆ ಡೋಸ್ ಕೆಡುವುದಿಲ್ಲ, ಅಂತರ 4 ವಾರಕ್ಕಿಂತ ಕಡಿಮೆಯಾದರೆ ಮಾತ್ರ ಲಸಿಕೆ ಸರಿಯಾಗಿ ನಾಟದೆ ಹೋಗಬಹುದು. ಹಾಗಾಗಿ ಬೇಗ ಮುಗಿಸುವ ಆತುರದಲ್ಲಿ ಎರಡು ವಾರಕ್ಕೇ ಹೋಗಬೇಡಿ.

ತಡವಾದ ಕಾಲದಲ್ಲಿ ಮಗುವಿಗೆ ರಕ್ಷಣೆ ಅರೆಬರೆ ಇರುತ್ತದೆ ಎಂಬುದೊಂದೇ ನಿಜವಾದ ನಷ್ಟ. ನಾಯಿಕೆಮ್ಮು ಆರು ತಿಂಗಳೊಳಗಿನ ಕೂಸಿನ ಜೀವಕ್ಕೇ ಅಪಾಯ ತರುವ ರೋಗ, ಆ ದಿನಗಳು ಮತ್ತೆ ಬರುವುದಿಲ್ಲ.

ನಮ್ಮ ಹುಡುಗಿ ಲಾಕ್‌ಡೌನ್‌ನಲ್ಲಿ ಹುಟ್ಟಿದವಳು, ಈಗ ಶಾಲೆಗೆ ಹೋಗ್ತಾಳೆ. ಇನ್ನೇನು ಹಾಕಿಸೋಕೆ ಆಗುತ್ತೆ?

ಇಲ್ಲಿ ವಯಸ್ಸಿನ ಮಿತಿ ಮುಖ್ಯ, ಒಂದೊಂದಕ್ಕೆ ಒಂದೊಂದು. ಬಿಸಿಜಿ ಒಂದು ವರ್ಷದವರೆಗೆ ಮಾತ್ರ. ರೋಟಾವೈರಸ್ ಮತ್ತು ಪೆಂಟಾದ ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿರಬೇಕು. ಬಿದ್ದಿದ್ದರೆ ಉಳಿದವನ್ನು ಆಮೇಲೂ ಮುಗಿಸಬಹುದು. ವರ್ಷ ದಾಟಿದರೂ ಪೆಂಟಾ ಒಂದೂ ಆಗಿಲ್ಲದ ಮಗುವಿಗೆ ಅದರ ಜಾಗದಲ್ಲಿ ಡಿಪಿಟಿ ಕೊಡುತ್ತಾರೆ, ತಿಂಗಳಿಗೊಂದರಂತೆ ಮೂರು. ಡಿಪಿಟಿ 7 ವರ್ಷದವರೆಗೆ, ಅದು ದಾಟಿದರೆ ಟಿಡಿ. ಪೋಲಿಯೊ ಹನಿ ಮತ್ತು ದಡಾರ-ರುಬೆಲ್ಲಾ 5 ವರ್ಷದವರೆಗೆ. ದಡಾರ-ರುಬೆಲ್ಲಾ ಒಂದೂ ಆಗಿಲ್ಲದಿದ್ದರೆ ಎರಡು ಡೋಸ್ ಬೇಕು, ನಡುವೆ ಒಂದು ತಿಂಗಳು. ಮಿದುಳು ಜ್ವರದ ಲಸಿಕೆ 15 ವರ್ಷದವರೆಗೂ ಆಗುತ್ತದೆ.

5 ದಾಟಿದ ಮಗುವಿಗೆ ದಡಾರದ ಲಸಿಕೆ ಆಗಿಲ್ಲವೆಂದರೆ ಕೈಬಿಡಬೇಡಿ, ಮಕ್ಕಳ ವೈದ್ಯರ ಬಳಿ ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಸಿಗುತ್ತದೆ. ಶಾಲೆಗೆ ಸೇರಿಸುವಾಗಲೇ ಡಿಪಿಟಿಯ ಎರಡನೆಯ ಬೂಸ್ಟರ್‌ನ ವಯಸ್ಸೂ ಆಗಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಮರೆತುಹೋಗುವುದು ಇದೇ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಗಂಟಲಮಾರಿ ಆಗಾಗ ತಲೆಯೆತ್ತುವುದು ದೊಡ್ಡ ಮಕ್ಕಳಲ್ಲಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದೇ ದಿನ ಮೂರು ಸೂಜಿ ಚುಚ್ತೀವಿ ಅಂತಾರೆ. ಪಾಪ, ಸಣ್ಣ ಮಗು ತಡ್ಕೊಳ್ಳುತ್ತಾ?

ತಡೆದುಕೊಳ್ಳುತ್ತದೆ. 6ನೇ ವಾರದ ಪಟ್ಟಿಯೇ ಹಾಗಿದೆ: ಪೆಂಟಾ ಎಡತೊಡೆಗೆ, ನ್ಯುಮೋಕಾಕಲ್ ಬಲತೊಡೆಗೆ, ಪೋಲಿಯೊ ಚುಚ್ಚುಮದ್ದು ಬಲಗೈ ಮೇಲ್ಭಾಗದ ಚರ್ಮಕ್ಕೆ, ಜೊತೆಗೆ ಬಾಯಿಗೆ ಎರಡು ಬಗೆಯ ಹನಿ. ಜಾಗ ಬೇರೆ ಬೇರೆ ಇಟ್ಟಿರುವುದು ಯಾವ ಲಸಿಕೆಯಿಂದ ಎಲ್ಲಿ ಊತ ಬಂತು ಎಂದು ಗುರುತಿಸಲಿಕ್ಕೆ. ಪಿಡುಗಿನ ಕಾಲದಲ್ಲಂತೂ ಒಂದೇ ಭೇಟಿಯಲ್ಲಿ ಎಲ್ಲ ಮುಗಿಸುವುದು ಮೇಲು. “ಇವತ್ತು ಒಂದು, ಬರೋ ವಾರ ಒಂದು” ಎಂದು ಹಂಚಿದರೆ ನಾಲ್ಕು ಸಲ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಮೂರನೆಯ ಸಲಕ್ಕೆ ಮನಸ್ಸೇ ಬರುವುದಿಲ್ಲ. ಚುಚ್ಚುವಾಗ ಮಗುವನ್ನು ಮಲಗಿಸದೆ ಮಡಿಲಲ್ಲಿ ಅಪ್ಪಿಕೊಂಡು ಕೂರಿ. ಮುಗಿದ ಕೂಡಲೇ ಹಾಲು ಕುಡಿಸಿ.

ತಾಯಿ ಕಾರ್ಡ್ ಕಳೆದುಹೋಗಿದೆ. ಯಾವುದು ಆಗಿದೆ ಅಂತ ನೆನಪಿಲ್ಲ.

ಕಾರ್ಡಿನ ಪ್ರತಿಭಾಗ ಉಪಕೇಂದ್ರದಲ್ಲಿ ಉಳಿದಿರುತ್ತದೆ, ಮೊದಲು ಅಲ್ಲಿ ಕೇಳಿ. ಗರ್ಭಿಣಿಯಾಗಿದ್ದಾಗ ಕೊಟ್ಟ ಆರ್‌ಸಿಎಚ್ (ತಾಯಿ-ಮಗುವಿನ ಸರ್ಕಾರಿ ನೋಂದಣಿ) ನಂಬರ್ ಅಥವಾ ಆಗ ಕೊಟ್ಟ ಫೋನ್ ನಂಬರ್ ಹೇಳಿದರೆ ದಾಖಲೆ ಹುಡುಕುವುದು ಸುಲಭ. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಜನನದ ಡೋಸ್‌ಗಳ ನಮೂದು ಇರುತ್ತದೆ. ಇತ್ತೀಚೆಗೆ ಹುಟ್ಟಿದ ಮಕ್ಕಳದ್ದಾದರೆ ಲಸಿಕೆಯ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲೂ ಸಿಗುತ್ತದೆ.

ಹಳೆಯ ಕಾರ್ಡ್ ಸಿಕ್ಕಿದರೆ ಒಂದು ವಿಷಯ ಗಮನಿಸಿ. ಪ್ರತಿ ಲಸಿಕೆಯ ಮುಂದಿನ ಚೌಕದಲ್ಲಿ ಬರೆದ ತಾರೀಕು ಹಾಕಿದ ದಿನದ್ದೋ, ಮುಂದೆ ಬರಬೇಕಾದ ದಿನದ್ದೋ? ಬರಬೇಕಾದ ದಿನವನ್ನು ಪೆನ್ಸಿಲಿನಲ್ಲಿ ಬರೆಯುವುದು ರೂಢಿ, ಹಾಕಿದ ಮೇಲೆ ಪೆನ್ನಿನಲ್ಲಿ. 2020ರ ಏಪ್ರಿಲ್, ಮೇ ತಿಂಗಳ ಪೆನ್ಸಿಲ್ ತಾರೀಕು ನೋಡಿ “ಆಗಿದೆ” ಎಂದುಕೊಂಡು ಬಿಟ್ಟ ಮಕ್ಕಳಿದ್ದಾರೆ. ಯಾವ ದಾಖಲೆಯೂ ಸಿಗದಿದ್ದರೆ ಆಗಿಲ್ಲವೆಂದೇ ಲೆಕ್ಕ ಹಿಡಿದು ವಯಸ್ಸಿಗೆ ತಕ್ಕಂತೆ ಹಾಕುತ್ತಾರೆ. ದಡಾರ, ಪೋಲಿಯೊ ಒಂದು ಹೆಚ್ಚಾದರೆ ತೊಂದರೆಯಿಲ್ಲ. ಡಿಪಿಟಿ ಹೆಚ್ಚಾದರೆ ಚುಚ್ಚಿದ ಜಾಗದಲ್ಲಿ ನೋವು, ಊತ ಸ್ವಲ್ಪ ಜಾಸ್ತಿ ಆಗಬಹುದು.

ನಾವು ಬೆಂಗಳೂರಿಗೆ ಕೂಲಿಗೆ ಬಂದವರು. ನಮ್ಮೂರ ಕಾರ್ಡ್ ಇಲ್ಲಿ ನಡೆಯುತ್ತಾ?

ನಡೆಯುತ್ತದೆ. ದೇಶದ ಯಾವ ಸರ್ಕಾರಿ ಕೇಂದ್ರವೂ ವಿಳಾಸದ ಕಾರಣಕ್ಕೆ ಲಸಿಕೆ ಇಲ್ಲ ಎನ್ನುವಂತಿಲ್ಲ. ಆಧಾರ್, ರೇಷನ್ ಕಾರ್ಡ್ ಬೇಕಿಲ್ಲ. ಕಟ್ಟಡ ಕೆಲಸದ ಶೆಡ್‌ನಲ್ಲಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಶಿಬಿರದ ದಿನ ಕೇಳಿ, ನಮ್ಮ ರಾಜ್ಯದಲ್ಲಿ ಬಹಳ ಕಡೆ ಅದು ಗುರುವಾರ. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು, ರೈಲು ಹತ್ತಿ ಹೋದ ಕುಟುಂಬಗಳ ಮಕ್ಕಳೇ ಎರಡೂ ಕಡೆಯ ಪಟ್ಟಿಯಿಂದ ಬಿಟ್ಟುಹೋದವರು. ಅಲ್ಲಿಯವರು ಇಲ್ಲಿದ್ದಾರೆ ಎಂದರು, ಇಲ್ಲಿಯವರು ಅಲ್ಲಿಗೆ ಹೋದರು ಎಂದರು.

ಮೊದಲೆರಡು ಪ್ರೈವೇಟಲ್ಲಿ ಹಾಕಿಸಿದ್ವಿ, ಆಮೇಲೆ ಸರ್ಕಾರಿಯಲ್ಲಿ. ಬೆರೆಸಬಹುದಾ? ದುಬೈಯಿಂದ ಬಂದ ನನ್ನ ತಂಗಿ ಮಗುವಿಗೂ ಇದೇ ಗೊಂದಲ.

ಬೆರೆಸಬಹುದು. ಹೆಸರು ನೋಡಿ ಲೆಕ್ಕ ಹಾಕಬೇಡಿ, ಒಳಗಿರುವುದನ್ನು ನೋಡಿ. ಖಾಸಗಿಯವರು ಮತ್ತು ಹೊರದೇಶದವರು ಹಾಕುವ ಸಿಕ್ಸ್-ಇನ್-ಒನ್‌ನಲ್ಲಿ ನಮ್ಮ ಪೆಂಟಾದ ಐದು ರೋಗಗಳ ಜೊತೆಗೆ ಪೋಲಿಯೊ ಚುಚ್ಚುಮದ್ದೂ ಇರುತ್ತದೆ. ಎಂಎಂಆರ್‌ನಲ್ಲಿ ದಡಾರ-ರುಬೆಲ್ಲಾದ ಜೊತೆಗೆ ಮಂಗಬಾವು ಇರುತ್ತದೆ, ಅದನ್ನು ದಡಾರ-ರುಬೆಲ್ಲಾದ ಡೋಸ್ ಎಂದೇ ಎಣಿಸಬೇಕು. ವಿದೇಶದ ಬಹಳ ಕಡೆ ದಡಾರದ ಮೊದಲ ಡೋಸ್ ವರ್ಷ ತುಂಬಿದ ಮೇಲೆ. ಹಾಗಾಗಿ 10–11 ತಿಂಗಳ ಮಗು ಊರಿಗೆ ಬಂದಾಗ ಆ ಡೋಸ್ ಆಗಿರುವುದೇ ಇಲ್ಲ. ದಾಖಲೆಯ ಫೋಟೊ ಫೋನಿನಲ್ಲಿಟ್ಟುಕೊಂಡು ಬರಲು ಹೇಳಿ.

ಇಷ್ಟು ದೂರ ಹೋದ್ರೆ “ಮಕ್ಕಳು ಕಮ್ಮಿ ಇದಾರೆ, ಬರೋ ವಾರ ಬನ್ನಿ” ಅಂತ ಕಳಿಸಿದ್ರು. ಯಾಕೆ?

ದಡಾರ-ರುಬೆಲ್ಲಾ ಮತ್ತು ಬಿಸಿಜಿ ಪುಡಿ ರೂಪದಲ್ಲಿರುತ್ತವೆ. ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸ್ ಇರುವುದರಿಂದ ಒಬ್ಬರಿಗಾಗಿ ಒಡೆಯಲು ಸಿಬ್ಬಂದಿ ಹಿಂಜರಿಯುತ್ತಾರೆ. ಪಿಡುಗಿನ ಕಾಲದಲ್ಲಿ ಬರುವವರೇ ಕಡಿಮೆಯಾಗಿ ಇದು ಜಾಸ್ತಿಯಾಯಿತು. ಆದರೆ ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕೆಂಬುದೇ ನಿಯಮ. ವಿನಯದಿಂದಲೇ ಇದನ್ನು ನೆನಪಿಸಿ, ಒಪ್ಪದಿದ್ದರೆ ವೈದ್ಯಾಧಿಕಾರಿಯನ್ನು ಕೇಳಿ. ಪೆಂಟಾ, ಡಿಪಿಟಿ, ಪೋಲಿಯೊಗೆ ಈ ತೊಡಕೇ ಇಲ್ಲ. ತಂಪು ಸರಿಯಾಗಿದ್ದರೆ ತೆರೆದ ಬಾಟಲಿಯನ್ನು 28 ದಿನದವರೆಗೆ ಬಳಸಬಹುದು.

## ಭಯ, ಅನುಮಾನ, ಗಾಳಿಸುದ್ದಿ

ಚುಚ್ಚಿಸಿದ ರಾತ್ರಿ ಜ್ವರ ಬಂತು. ಲಸಿಕೆಯದ್ದಾ, ಕೊರೊನಾದ್ದಾ ಅಂತ ಹೇಗೆ ಗೊತ್ತಾಗ್ಬೇಕು?

ಕಾಲ ನೋಡಿ. ಪೆಂಟಾ ಅಥವಾ ಡಿಪಿಟಿಯ ಜ್ವರ ಅದೇ ದಿನ ಶುರುವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಡೆ ಗಟ್ಟಿಯಾಗಿ ಕೆಂಪಾಗಿರುತ್ತದೆ, ಮಗು ಕಿರಿಕಿರಿ ಮಾಡುತ್ತದೆ, ಆದರೆ ಹಾಲು ಕುಡಿಯುತ್ತದೆ. ಕೆಮ್ಮು, ಮೂಗು ಸೋರುವುದು ಈ ಲಸಿಕೆಗಳಿಂದ ಬರುವುದಿಲ್ಲ. ಅದಿದ್ದರೆ ಬೇರೆ ಸೋಂಕು ಇರಬಹುದು. ದಡಾರ-ರುಬೆಲ್ಲಾದ ಜ್ವರ ಮಾತ್ರ ವಾರ ಕಳೆದ ಮೇಲೆ, 7ರಿಂದ 12ನೇ ದಿನದ ನಡುವೆ ಬರಬಹುದು, ಜೊತೆಗೆ ಸಣ್ಣ ಗಂಧೆಯೂ ಏಳಬಹುದು. ಇದು ಮೊದಲೇ ಗೊತ್ತಿಲ್ಲದವರು ಗಾಬರಿಯಾಗುತ್ತಾರೆ.

ಜ್ವರ ಎರಡು ದಿನ ದಾಟಿದರೆ, ಮೂರು ಗಂಟೆಗೂ ಹೆಚ್ಚು ಒಂದೇ ಸಮ ಚೀರಿದರೆ, ಫಿಟ್ಸ್ ಬಂದರೆ, ಮಗು ಸೋತು ಜೋತುಬಿದ್ದರೆ, ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ತೀವ್ರ ಅಲರ್ಜಿ ಆಗುವುದಿದ್ದರೆ ಸಾಮಾನ್ಯವಾಗಿ ಕೂಡಲೇ ಆಗುತ್ತದೆ, ಅದಕ್ಕೇ ಅರ್ಧ ಗಂಟೆ ಕೂರಿಸುವುದು. ಕೊರೊನಾ ಭಯದಿಂದ ಸೂಜಿ ತೆಗೆದ ಕೂಡಲೇ ಎದ್ದು ಹೋಗುವವರಿಗೆ ನಾವು ಹೇಳುವುದು: ಹೊರಗೆ ಮರದಡಿ ಕೂರಿ, ಆದರೆ ಕೂರಿ.

ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು? ಆಸ್ಪತ್ರೆಗೆ ಹೋಗೋ ಹಾಗಿಲ್ಲ, ಫೋನಲ್ಲೇ ಹೇಳಿ.

ತೂಕದ ಮೇಲೆ ಲೆಕ್ಕ: ಕೆಜಿಗೆ 15 ಮಿಲಿಗ್ರಾಂ. 5 ಕೆಜಿ ಮಗುವಿಗೆ 75 ಮಿಲಿಗ್ರಾಂ. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಹನಿಯ ಪುಟ್ಟ ಸೀಸೆಯಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇದ್ದರೆ 0.75 ಎಂಎಲ್ ಸಾಕು. ಸಿರಪ್‌ನಲ್ಲಿ 5 ಎಂಎಲ್‌ಗೆ 125 ಇದ್ದರೆ 3 ಎಂಎಲ್. 5 ಎಂಎಲ್‌ಗೆ 250 ಎಂದು ಬರೆದ ಸಿರಪ್ ಆದರೆ 1.5 ಎಂಎಲ್. ಸಿರಪ್‌ನ ಅಳತೆಯನ್ನು ಹನಿ ಸೀಸೆಯಿಂದ ಕೊಟ್ಟರೆ 3 ಎಂಎಲ್‌ಗೆ 300 ಮಿಲಿಗ್ರಾಂ ಹೋಗುತ್ತದೆ, ಅಂದರೆ ನಾಲ್ಕು ಪಟ್ಟು. ಲೇಬಲ್ಲನ್ನು ಗಟ್ಟಿಯಾಗಿ ಓದಿ ಆಮೇಲೆ ಅಳೆಯಿರಿ. ಚಮಚ ಬೇಡ, ಸೀಸೆಯ ಜೊತೆ ಬಂದ ಪಿಪೆಟ್ ಅಥವಾ ಮುಚ್ಚಳ ಬಳಸಿ. ನಡುವೆ 6 ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ಎರಡು ತಿಂಗಳೊಳಗಿನ ಕೂಸಿಗೆ ವೈದ್ಯರನ್ನೋ ಲಸಿಕೆ ಹಾಕಿದ ಸಿಸ್ಟರನ್ನೋ ಕೇಳದೆ ಕೊಡಬೇಡಿ. ಊತಕ್ಕೆ ತಣ್ಣೀರು ಬಟ್ಟೆ ಸಾಕು. ಬಿಸಿ ಶಾಖ, ಎಣ್ಣೆ, ಅರಿಸಿನ, ತಿಕ್ಕುವುದು ಯಾವುದೂ ಬೇಡ.

ಮನೆಯಲ್ಲಿ ಪಾಸಿಟಿವ್ ಬಂದಿದೆ, ಮಗುವಿಗೆ ಇದೇ ವಾರ ಡೋಸ್ ಇದೆ. ಏನು ಮಾಡೋದು?

ಕಾಯಿರಿ. ಸೋಂಕಿರುವವರಿಗೆ ಲಸಿಕೆ ಅಪಾಯ ಎಂದಲ್ಲ, ಕೇಂದ್ರದಲ್ಲಿರುವ ಬೇರೆ ಕೂಸುಗಳಿಗೆ ನಿಮ್ಮಿಂದ ಹರಡಬಾರದು ಎಂದು. ಪ್ರತ್ಯೇಕವಾಸ ಮುಗಿದು ಮಗು ಗೆಲುವಾದ ಮೇಲೆ ಹಾಕಿಸಿ. ಹೆರಿಗೆಯಾದ ತಾಯಿಗೇ ಪಾಸಿಟಿವ್ ಇದ್ದರೆ ಮಾತ್ರ ಲೆಕ್ಕ ಬೇರೆ: ಕೂಸು ಚೆನ್ನಾಗಿದ್ದರೆ ಜನನದ ಡೋಸ್‌ಗಳು ಆಸ್ಪತ್ರೆ ಬಿಡುವ ಮೊದಲೇ ಆಗಬೇಕು. ಸಾಮಾನ್ಯ ನೆಗಡಿ, ಸಣ್ಣ ಭೇದಿಯ ನೆಪದಲ್ಲಿ ಮುಂದೂಡಬೇಡಿ.

ಬಿಸಿಜಿ ಹಾಕಿಸಿಕೊಂಡವರಿಗೆ ಕೊರೊನಾ ಬರಲ್ವಂತೆ?

2020ರ ಆರಂಭದಲ್ಲಿ ಹಬ್ಬಿದ ಮಾತು. ಅದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಆ ಏಪ್ರಿಲ್‌ನಲ್ಲೇ ಹೇಳಿತು. ಆಮೇಲೆ ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲೂ ರಕ್ಷಣೆ ಕಾಣಲಿಲ್ಲ. ಬಿಸಿಜಿ ಕೊಡುವುದು ಕ್ಷಯದಿಂದ, ಅದರಲ್ಲೂ ಎಳೆಯ ಮಕ್ಕಳಿಗೆ ಮಿದುಳಿಗೇರುವ ಕ್ಷಯದಿಂದ ಕಾಪಾಡಲು. ತೋಳಿನ ಮೇಲೆ ಕಲೆ ಮೂಡದಿದ್ದರೂ ಮತ್ತೊಮ್ಮೆ ಹಾಕಿಸಬೇಕಿಲ್ಲ.

ಮಕ್ಕಳ ಲಸಿಕೆ ಅಂತ ಹೇಳಿ ಕೊರೊನಾ ಲಸಿಕೆ ಚುಚ್ಚಿಬಿಡ್ತಾರೆ ಅಂತಾರಲ್ಲ?

ಸುಳ್ಳು. ನಮ್ಮ ದೇಶದಲ್ಲಿ 15ರಿಂದ 18 ವರ್ಷದವರಿಗೆ ಕೊರೊನಾ ಲಸಿಕೆ ಶುರುವಾದದ್ದು 2022ರ ಜನವರಿ 3ಕ್ಕೆ, 12ರಿಂದ 14 ವರ್ಷದವರಿಗೆ ಅದೇ ಮಾರ್ಚ್ 16ಕ್ಕೆ. 12ಕ್ಕಿಂತ ಚಿಕ್ಕವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಅದನ್ನು ಕೊಡಲೇ ಇಲ್ಲ. ಅನುಮಾನವಿದ್ದರೆ ಬಾಟಲಿ ತೋರಿಸಲು ಕೇಳಿ. ಕೇಳುವುದು ಅವಮಾನವಲ್ಲ, ಯಾವ ಲಸಿಕೆ, ಯಾವ ರೋಗಕ್ಕೆ ಎಂದು ಹೇಳುವುದು ಹಾಕುವವರ ಕರ್ತವ್ಯ.

ಕೊರೊನಾ ಲಸಿಕೆ ಆತುರಾತುರವಾಗಿ ಬಂತು. ಈಗ ಯಾವ ಲಸಿಕೆ ಮೇಲೂ ಮನಸ್ಸು ಗಟ್ಟಿ ಆಗ್ತಿಲ್ಲ.

ಅನುಮಾನ ಒಂದರ ಮೇಲೆ ಹುಟ್ಟಿ ಇನ್ನೊಂದಕ್ಕೆ ಹರಿಯುವುದು ಸಹಜ. ಆದರೆ ಬಿಸಿಜಿಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1921ರಲ್ಲಿ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರ ಲಸಿಕೆ ಬಂದದ್ದು 1985ರಲ್ಲಿ. ಇಂದು ತಾಯಿಯಾದವರಲ್ಲಿ ಹೆಚ್ಚಿನವರು ತಾವೇ ಇವನ್ನು ಪಡೆದವರು. ಪೋಲಿಯೊದಿಂದ ಕಾಲು ಕಳೆದುಕೊಂಡ ಮಕ್ಕಳು ನಿಮ್ಮ ಊರಿನಲ್ಲಿ ಈಗ ಕಾಣದಿರುವುದೂ ಹನಿಯಿಂದಲೇ. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯದ್ದು.

ಗಾಳಿಸುದ್ದಿಯೂ ಕೊರೊನಾದಿಂದ ಹುಟ್ಟಿದ್ದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಮೊದಲಾದ ಕಡೆ 9 ತಿಂಗಳಿಂದ 15 ವರ್ಷದವರಿಗೆ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗಲೂ ವಾಟ್ಸ್ಯಾಪ್‌ನಲ್ಲಿ ಇಂಥವೇ ಓಡಾಡಿದ್ದವು.

ಪೋಲಿಯೊ ಹನಿ ಬದಲು ಸ್ಯಾನಿಟೈಜರ್ ಹಾಕಿದ್ರಂತಲ್ಲ?

ಆದದ್ದು ನಿಜ. ಕೊರೊನಾ ಲಸಿಕೆಯ ಆರಂಭಕ್ಕಾಗಿ ಪಲ್ಸ್ ಪೋಲಿಯೊವನ್ನು 2021ರ ಜನವರಿ 17ರಿಂದ 31ಕ್ಕೆ ಮುಂದೂಡಿದ್ದರು. ಆ ದಿನ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಒಂದು ಹಳ್ಳಿಯಲ್ಲಿ 12 ಮಕ್ಕಳ ಬಾಯಿಗೆ ಸ್ಯಾನಿಟೈಜರ್ ಬಿತ್ತು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಲಾಯಿತು, ಚೇತರಿಸಿಕೊಂಡರು. ಒಂದೇ ಮೇಜಿನ ಮೇಲೆ ಎರಡೂ ಇದ್ದರೆ ಇಂಥದ್ದಾಗುತ್ತದೆ, ಕ್ಷಮಿಸುವಂಥದ್ದಲ್ಲ. ನೀವು ನೋಡಬೇಕಾದದ್ದು ಬಾಟಲಿಯ ಮೇಲಿನ ಗುರುತು: ಒಂದು ಬಣ್ಣದ ವೃತ್ತ, ಅದರೊಳಗೆ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಬಿಸಿ ತಾಗಿ ಕೆಟ್ಟಿದೆ, ಹಾಕಿಸಬೇಡಿ. ಸ್ಯಾನಿಟೈಜರ್ ಸೀಸೆಯ ಮೇಲೆ ಈ ಗುರುತೇ ಇರುವುದಿಲ್ಲ.

## ಇನ್ನೂ ಆಳಕ್ಕೆ

ಮಕ್ಕಳು ಮನೆಯಲ್ಲೇ ಇದ್ರು, ಯಾರನ್ನೂ ಮುಟ್ಟಲಿಲ್ಲ. ರೋಗ ಎಲ್ಲಿಂದ ಬರುತ್ತೆ?

ಬಾಗಿಲು ಮುಚ್ಚಿದ್ದಾಗ ದಡಾರವೂ ಕಡಿಮೆಯಾಗಿತ್ತು, ಹೌದು. ತೊಂದರೆ ಬಾಗಿಲು ತೆರೆದ ಮೇಲೆ. ದಡಾರ ಬಂದ ಒಬ್ಬರಿಂದ, ರಕ್ಷಣೆಯಿಲ್ಲದ ಜನರ ನಡುವೆ, 12ರಿಂದ 18 ಮಂದಿಗೆ ಹರಡಬಲ್ಲದು. ತಡೆಯಲು 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಎರಡು ವರ್ಷ ತಪ್ಪಿಸಿಕೊಂಡ ಮಕ್ಕಳು ಒಂದೇ ಓಣಿಯಲ್ಲಿ ಗುಂಪಾಗಿ ಉಳಿದರೆ ಜಿಲ್ಲೆಯ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಕಿಡಿ ಅಲ್ಲೇ ಹತ್ತುತ್ತದೆ.

2022ರ ಅಕ್ಟೋಬರ್-ನವೆಂಬರ್‌ನಲ್ಲಿ ಮುಂಬೈಯ ಗೋವಂಡಿ ಸುತ್ತಮುತ್ತ ಆದದ್ದು ಇದೇ. ಇಕ್ಕಟ್ಟಿನ ಮನೆಗಳು, ಲಸಿಕೆ ಬಿಟ್ಟುಹೋದ ಮಕ್ಕಳು. ದಡಾರ ಹಬ್ಬಿ ಮಕ್ಕಳು ಸತ್ತರು. ಆಗ ಕೇಂದ್ರ ಸರ್ಕಾರ ಅಂಥ ಪ್ರದೇಶಗಳಲ್ಲಿ 9 ತಿಂಗಳಿಂದ 5 ವರ್ಷದವರೆಗಿನವರಿಗೆ ಒಂದು ಹೆಚ್ಚುವರಿ ಡೋಸ್ ಕೊಡಲು ಹೇಳಿತು. 9 ತಿಂಗಳೊಳಗಿನವರ ಪಾಲು ಒಟ್ಟು ಪ್ರಕರಣಗಳ ಶೇ 10 ಮೀರಿದ ಕಡೆ 6ರಿಂದ 9 ತಿಂಗಳ ಕೂಸಿಗೂ ಒಂದು. ಆ ಕೂಸಿಗೆ ಹಾಕಿದ್ದು ಲೆಕ್ಕಕ್ಕಿಲ್ಲ. 9 ಮತ್ತು 16 ತಿಂಗಳ ಎರಡೂ ಡೋಸ್ ಮತ್ತೆ ಬೇಕೇ ಬೇಕು. ಕೆಲವು ತಾಯಂದಿರು “ಒಂದು ಆಗಿದೆಯಲ್ಲ” ಎಂದು ಬಿಡುವುದು ಇಲ್ಲೇ.

ಹಳ್ಳಿಯಲ್ಲಿ ಗಂಧೆ ಎದ್ದರೆ “ಅಮ್ಮ ಬಂದಿದೆ” ಎಂದು ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಂಬಿಕೆ ನಿಮ್ಮದು, ಆದರೆ ಆಶಾಗೆ ಸುದ್ದಿ ಮುಟ್ಟಿಸಿ. ದಡಾರವಾದ ಮಗುವಿಗೆ ಎರಡು ದಿನ ವಿಟಮಿನ್ ಎ ಕೊಟ್ಟರೆ ಕಣ್ಣೂ ಜೀವವೂ ಉಳಿಯುತ್ತವೆ. ದಡಾರ ದೇಹದ ಹಳೆಯ ರೋಗನಿರೋಧಕ ನೆನಪನ್ನು ಅಳಿಸಿಹಾಕುವುದರಿಂದ ಗುಣವಾದ ಮೇಲೂ ತಿಂಗಳುಗಟ್ಟಲೆ ಬೇರೆ ಸೋಂಕುಗಳು ಕಾಡುತ್ತವೆ.

ಆಸ್ಪತ್ರೆಗೆ ಹೋಗಿ ಕೊರೊನಾ ಅಂಟಿಸಿಕೊಳ್ಳೋದು ದೊಡ್ಡ ಅಪಾಯವೋ, ಲಸಿಕೆ ಬಿಡೋದು ದೊಡ್ಡದೋ?

ಲಂಡನ್ನಿನ ಸಂಶೋಧಕರು 2020ರಲ್ಲಿ ಆಫ್ರಿಕಾದ ದೇಶಗಳಿಗೆ ಇದನ್ನೇ ಲೆಕ್ಕ ಹಾಕಿದರು. ಲಸಿಕೆಗಾಗಿ ಕೇಂದ್ರಕ್ಕೆ ಹೋಗಿ ಬಂದದ್ದರಿಂದ ಮನೆಯಲ್ಲಿ ಆಗಬಹುದಾದ ಒಂದು ಕೊರೊನಾ ಸಾವಿಗೆ ಎದುರಾಗಿ ಲಸಿಕೆ ತಡೆಯುವ ಮಕ್ಕಳ ಸಾವು 84. ಆ ಅಂದಾಜಿನ ಹರವು 14ರಿಂದ 267ರವರೆಗೆ. ಅತಿ ಕಡಿಮೆ ಅಂಕಿಯನ್ನೇ ಹಿಡಿದರೂ ತಕ್ಕಡಿ ಲಸಿಕೆಯ ಕಡೆಗೇ ವಾಲುತ್ತದೆ. ಇದು ಲೆಕ್ಕಾಚಾರ, ಎಣಿಕೆಯಲ್ಲ. ಆದರೆ ಕಣ್ಣೆದುರಿನ ಉದಾಹರಣೆಯೂ ಇದೆ. 2019ರಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಎಲ್ಲರ ಗಮನ ಎಬೋಲಾದ ಮೇಲಿತ್ತು, ದಡಾರ ಅದಕ್ಕಿಂತ ಹೆಚ್ಚು ಜನರನ್ನು, 6,000ಕ್ಕೂ ಮಿಕ್ಕಿ, ಬಲಿತೆಗೆದುಕೊಂಡಿತು. ಹೆಚ್ಚಿನವರು 5 ವರ್ಷದೊಳಗಿನವರು.

ನಾನು ಅಂಗನವಾಡಿ ಟೀಚರ್. ಹಿಂಜರಿಯೋ ತಾಯಂದಿರ ಜೊತೆ ಹೇಗೆ ಮಾತಾಡ್ಲಿ?

ಮೊದಲು “ಯಾವುದಕ್ಕೆ ಭಯ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಸೋಂಕಿನ ಭಯವಿದ್ದವರಿಗೆ ಲಸಿಕೆಯ ಗುಣಗಾನ ಮಾಡಿ ಉಪಯೋಗವಿಲ್ಲ, ಅವರಿಗೆ ಬೇಕಾದದ್ದು ಜನವಿಲ್ಲದ ಹೊತ್ತು. “11 ಗಂಟೆಗೆ ಬಾರವ್ವ, ನಿನ್ನದೊಂದೇ ಕೂಸು ಇರ್ತದ” ಎಂದರೆ ಬರುತ್ತಾರೆ. ಕೂಲಿ ತಪ್ಪುವವರಿಗೆ ಬೆಳಿಗ್ಗೆ ಬೇಗನೆಯ ಸಮಯ ಬೇಕು. ಮನೆಯಲ್ಲಿ ತೀರ್ಮಾನ ಮಾಡುವವರು ಅತ್ತೆಯಾದರೆ ಸೊಸೆಯ ಹತ್ತಿರ ಎಷ್ಟು ಹೇಳಿದರೂ ಅಷ್ಟೇ, ಅತ್ತೆಯ ಪಕ್ಕ ಹೋಗಿ ಕೂರಿ.

ಪೆಂಟಾ ಮೊದಲ ಡೋಸ್ ಹಾಕುವಾಗಲೇ “ಇವತ್ತು ರಾತ್ರಿ ಜ್ವರ ಬರಬಹುದು, ನಾಳೆ ಸಂಜೆಗೆ ಇಳಿಯುತ್ತೆ” ಎಂದು ಹೇಳಿ. ಹೇಳದೆ ಬಿಟ್ಟರೆ ಆ ಒಂದು ರಾತ್ರಿಯ ಜ್ವರಕ್ಕೇ ಎರಡನೆಯ ಡೋಸ್ ತಪ್ಪುತ್ತದೆ. ಮಾರನೆಯ ದಿನ ಒಂದು ಫೋನ್ ಮಾಡಿ. ಗಾಳಿಸುದ್ದಿ ನಂಬಿದವರ ಜೊತೆ ನಾಲ್ಕು ಜನರೆದುರು ವಾದ ಬೇಡ, ಸೋತೆ ಅನಿಸಿದರೆ ಹಟ ಹೆಚ್ಚುತ್ತದೆ. ರೇಷನ್ ನಿಲ್ಲಿಸುತ್ತೇವೆ ಎಂದು ಹೆದರಿಸುವುದಂತೂ ಬೇಡವೇ ಬೇಡ. ಅದು ತಪ್ಪು ಮಾತ್ರವಲ್ಲ, ಮುಂದಿನ ಹೆರಿಗೆಗೂ ಆ ಮನೆಯವರು ನಿಮ್ಮನ್ನು ಕರೆಯುವುದಿಲ್ಲ.

ಮುಂದೆ ಇಂಥದ್ದೇ ಇನ್ನೊಂದು ಪಿಡುಗು ಬಂದ್ರೆ ಯಾವುದನ್ನು ತಡ ಮಾಡಬಾರದು, ಯಾವುದು ಸ್ವಲ್ಪ ಕಾಯಬಹುದು?

ಜನನದ ಡೋಸ್‌ಗಳು ಡಿಸ್ಚಾರ್ಜ್‌ಗೆ ಮೊದಲೇ ಆಗಲಿ. 6, 10, 14ನೇ ವಾರದ ಡೋಸ್‌ಗಳು ಮತ್ತು 9 ತಿಂಗಳ ದಡಾರ-ರುಬೆಲ್ಲಾ ತಡವಾಗಬಾರದು. ತಾಯಿಯಿಂದ ಬಂದ ರಕ್ಷಣೆ ಕರಗುವ ವಯಸ್ಸು ಅದು. 16–24 ತಿಂಗಳ ಡೋಸ್‌ಗಳಿಗೆ ಎಂಟು ತಿಂಗಳ ಅವಕಾಶವಿದೆ, 5–6 ವರ್ಷದ ಬೂಸ್ಟರ್ ಮತ್ತು ಟಿಡಿ ಕೆಲವು ವಾರ ಕಾಯಬಹುದು. ತೀರಾ ಅನಿವಾರ್ಯವಾದರೆ ಮಾತ್ರ.

ಹೋಗುವ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ ಯಾವ ಲಸಿಕೆ ಲಭ್ಯವಿದೆ, ಯಾವ ಹೊತ್ತು ಜನ ಕಡಿಮೆ ಎಂದು ಕೇಳಿ. ಮಗುವಿನ ಜೊತೆ ಒಬ್ಬರೇ ಹೋಗಿ, ಅಜ್ಜ-ಅಜ್ಜಿ ಬೇಡ. ನೀವು ಮಾಸ್ಕ್ ಹಾಕಿ, ಎರಡು ವರ್ಷದೊಳಗಿನ ಮಗುವಿಗೆ ಹಾಕಬೇಡಿ, ಉಸಿರು ಕಟ್ಟುತ್ತದೆ. ಲಾಕ್‌ಡೌನ್‌ನಲ್ಲಿ ಚಿಕಿತ್ಸೆಗೆ ಓಡಾಡಲು ವಿನಾಯಿತಿ ಇತ್ತು, ನಾಕಾದಲ್ಲಿ ತಡೆದರೆ ತೋರಿಸಲು ತಾಯಿ ಕಾರ್ಡ್ ಕೈಯಲ್ಲಿರಲಿ. ಮುಂದಿನ ತಾರೀಕು ಬರೆಸಿಕೊಂಡೇ ಎದ್ದು ಬನ್ನಿ, ಆಶಾ ಮತ್ತು ಉಪಕೇಂದ್ರದ ಸಿಸ್ಟರ್ ಇಬ್ಬರ ಫೋನ್ ನಂಬರನ್ನೂ ಅದೇ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.